ಮೊಣಕಾಲು ನೋವಿನ ಅಮ್ಮಿಗೆ ರಾಜಾಪುರವೋ, ಪುತ್ತೂರೋ?

“ಡಾಕ್ಟರ್ ಸಾಹೇಬ್ರ, ಈ ರಜಾದಾಗ ಅಮ್ಮೀನ್ನ ಬಿಸಿನೀರಿನ ಬುಗ್ಗಿಗೆ ಕರ್ಕೊಂಡು ಹೋದ್ರ ಮೊಣಕಾಲ ನೋವು ಕಡಿಮಿ ಆಗ್ತದೇನ್ರಿ?” ನರಗುಂದ, ರೋಣ, ಗಜೇಂದ್ರಗಡದ ಕಡೆಯಿಂದ ಬರುವ ಮನೆಗಳವರು ದಸರಾ ರಜೆಯ ಮುಂಚೆ ಈ ಪ್ರಶ್ನೆ ಕೇಳುತ್ತಾರೆ. ಅವರ ಬಾಯಲ್ಲಿ ಬರುವ ಹೆಸರುಗಳು ಎರಡೇ. ಒಂದು ಕೊಂಕಣದ ರಾಜಾಪುರ, ಇನ್ನೊಂದು ಪುತ್ತೂರಿನ ಬಳಿಯ ಬೆಂದ್ರು ತೀರ್ಥ. ನೀವೂ ಅದೇ ಲೆಕ್ಕಾಚಾರದಲ್ಲಿದ್ದರೆ, ಬಾಡಿಗೆ ಗಾಡಿಗೆ ಮುಂಗಡ ಕೊಡುವ ಮೊದಲು ಇದನ್ನು ಓದಿ.

ಬಿಸಿನೀರಿನ ಚಿಕಿತ್ಸೆ ನಮಗೆ ಹೊಸದಲ್ಲ. ಯುನಾನಿಯಲ್ಲಿ ಔಷಧಿಯಿಲ್ಲದೆ ಮಾಡುವ ಉಪಚಾರಗಳಿಗೆ ‘ಇಲಾಜ್ ಬಿತ್ತದ್‌ಬೀರ್’ ಎನ್ನುತ್ತೇವೆ. ಹಮ್ಮಾಮ್ ಅದರಲ್ಲಿ ಮುಖ್ಯವಾದದ್ದು. ಬೆಂಗಳೂರಿನ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವೇ ಇದೆ. ತುರ್ಕಿಯ ಬುರ್ಸಾ ನಗರ ಉಸ್ಮಾನಿ ಸುಲ್ತಾನರ ಕಾಲದಿಂದಲೂ ಬುಗ್ಗೆಯ ಸ್ನಾನಗೃಹಗಳಿಗೆ ಹೆಸರಾಗಿದೆ. ತುರ್ಕರು 16ನೇ ಶತಮಾನದಲ್ಲಿ ಬುಡಾಪೆಸ್ಟಿನಲ್ಲಿ ಕಟ್ಟಿದ ರುಡಾಶ್ ಸ್ನಾನಗೃಹದಲ್ಲಿ ಜನ ಇಂದಿಗೂ ಮೀಯುತ್ತಾರೆ. ನಮ್ಮ ಕಡೆ ಅಂಥ ಗುಮ್ಮಟದ ಹಮ್ಮಾಮ್ ಇಲ್ಲ, ನೆಲದಿಂದ ಬರುವ ನೀರು ಮಾತ್ರ ಇದೆ.

ರಾಜಾಪುರ ರತ್ನಾಗಿರಿ ಜಿಲ್ಲೆಯ ಹಳೆಯ ವ್ಯಾಪಾರದ ಊರು. ಇಂಗ್ಲಿಷರ ಕೋಠಿ ಇಲ್ಲಿತ್ತು, 1661ರಲ್ಲಿ ಶಿವಾಜಿ ಮಹಾರಾಜರ ಸೈನ್ಯ ಅದನ್ನು ವಶಪಡಿಸಿಕೊಂಡಿತು. ಕೊಂಕಣಿ ಮುಸ್ಲಿಮರ ಹಳೆಯ ನೆಲೆ ಇದು, ಮಸೀದಿಗೂ ಹಲಾಲ್ ಊಟಕ್ಕೂ ಹುಡುಕಾಡಬೇಕಿಲ್ಲ. ಬುಗ್ಗೆ ಇರುವುದು ಊರಿಗೆ ಹತ್ತಿರದ ಉನ್ಹಾಳೆಯಲ್ಲಿ. ನೀರಿನ ಬಿಸಿ 40 ಡಿಗ್ರಿಯ ಆಸುಪಾಸು. ಬೆಳಗಾವಿ, ಸಂಕೇಶ್ವರ, ಅಂಬೋಲಿ ಘಾಟ್, ಸಾವಂತವಾಡಿ ದಾಟಿ ಮುಂಬೈ-ಗೋವಾ ಹೆದ್ದಾರಿ ಹಿಡಿದರೆ ಊರು ಸಿಗುತ್ತದೆ. ಇನ್ನೂ ಉತ್ತರಕ್ಕೆ ಸಂಗಮೇಶ್ವರದ ಬಳಿಯ ತುರಳ್ ಮತ್ತು ರಾಜವಾಡಿಯಲ್ಲೂ ಬುಗ್ಗೆಗಳಿವೆ. ಅವುಗಳ ನೀರು ಹೆಚ್ಚು ಬಿಸಿ, ವಯಸ್ಸಾದವರನ್ನು ಅಲ್ಲಿಗೆ ಕರೆದೊಯ್ಯಬೇಡಿ.

ಬೆಂದ್ರು ತೀರ್ಥ ಪುತ್ತೂರಿನಿಂದ ಸ್ವಲ್ಪ ದೂರದ ಇರ್ದೆ ಗ್ರಾಮದಲ್ಲಿದೆ. ತುಳುವಿನಲ್ಲಿ ಬೆಂದ್ರು ಎಂದರೆ ಬಿಸಿನೀರು. ಗಂಧಕದ ವಾಸನೆಯ ನೀರು, ಮೈಯ ಬಿಸಿಗಿಂತ ತುಸು ಹೆಚ್ಚು. ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ, ಮಂಗಳೂರು ಎಂದು ಸುತ್ತಿ ಹೋಗಬೇಕು, ದಾರಿ ಉದ್ದ. ಆದರೆ ಮಕ್ಕಳಿಗೆ ದಾರಿಯುದ್ದಕ್ಕೂ ಸಮುದ್ರ. ಪುತ್ತೂರಿನಲ್ಲಿ ಬ್ಯಾರಿ ಮುಸ್ಲಿಮರು ಬಹಳ, ಅವರ ಮನೆಯ ಪತ್ತಿರಿ ಸಿಕ್ಕರೆ ಬಿಡಬೇಡಿ.

ನನ್ನ ಮಟ್ಟಿಗೆ ತೀರ್ಮಾನ ನಿಂತಿರುವುದು ಜೊತೆಗೆ ಬರುವವರ ಮೈಮೇಲೆ. ಅಮ್ಮಿಗಾಗಿಯೇ ಹೊರಟಿದ್ದರೆ ರಾಜಾಪುರ ವಾಸಿ. ದಾರಿ ಕಡಿಮೆ, ಊರು ಹತ್ತಿರ, ದಣಿದರೆ ಬೇಗ ಕೋಣೆಗೆ ಮರಳಬಹುದು. ಮಕ್ಕಳು, ತರುಣರೇ ಹೆಚ್ಚಿದ್ದು ಬುಗ್ಗೆ ಒಂದು ನೆಪವಾದರೆ ಪುತ್ತೂರಿಗೆ ಹೋಗಿ. ಹೆಂಗಸರ ಸ್ನಾನದ ವಿಷಯ ಮಾತ್ರ ಮೊದಲೇ ವಿಚಾರಿಸಿಕೊಳ್ಳಿ. ಮರೆಯ ಜಾಗ, ಬಟ್ಟೆ ಬದಲಿಸುವ ಕೋಣೆ ಇಲ್ಲದಿದ್ದರೆ, ಸತ್ರ್ ಬಿಟ್ಟು ಮಾಡುವಂಥ ಸ್ನಾನ ಅದೇನಲ್ಲ. ಬಕೆಟ್‌ನಲ್ಲಿ ನೀರು ತುಂಬಿಸಿಕೊಂಡು ಪಾದ ಮುಳುಗಿಸಿ ಕೂತರೂ ಸಾಕು. ಅದಕ್ಕೆ ಯುನಾನಿಯಲ್ಲಿ ‘ಪಾಶೋಯಾ’ ಎಂಬ ಹೆಸರೇ ಇದೆ.

ಎಷ್ಟು ಗುಣ ಸಿಗುತ್ತದೆ? ಸವೆದ ಮೊಣಕಾಲು, ಬಿಗಿದ ಸೊಂಟ, ತಂಪಿಗೆ ಹೆಚ್ಚಾಗುವ ನೋವು ಇವಕ್ಕೆ ಬಿಸಿನೀರು ಹಿತ. ಸ್ನಾಯು ಸಡಿಲವಾಗುತ್ತದೆ, ರಕ್ತ ಓಡಾಡುತ್ತದೆ, ನಾಲ್ಕು ದಿನ ನಡಿಗೆ ಹಗುರ. ಸವೆದ ಎಲುಬು ಮತ್ತೆ ಬೆಳೆಯುವುದಿಲ್ಲ. ಕೀಲು ಕೆಂಪಾಗಿ, ಮುಟ್ಟಿದರೆ ಸುಡುತ್ತಾ, ಊದಿಕೊಂಡಿದ್ದರೆ ಆ ಸಮಯದಲ್ಲಿ ಬಿಸಿನೀರು ಬೇಡವೇ ಬೇಡ. ಮೊದಲೇ ಉರಿ ಇರುವ ಜಾಗಕ್ಕೆ ಮತ್ತೆ ಬಿಸಿ ಕೊಟ್ಟಂತಾಗುತ್ತದೆ.

ಸಕ್ಕರೆ ಕಾಯಿಲೆಯವರ ಪಾದಕ್ಕೆ ಸುಡುವುದು ಗೊತ್ತಾಗುವುದಿಲ್ಲ. ಬೊಬ್ಬೆ ಎದ್ದಮೇಲೆ ಮನೆಯವರಿಗೆ ಕಾಣುತ್ತದೆ, ಆ ಗಾಯ ಕೊಳೆತು ಬೆರಳು ತೆಗೆಯುವವರೆಗೂ ಹೋಗಬಹುದು. ನೀರಿನ ಬಿಸಿಯನ್ನು ಅವರ ಪಾದದಿಂದ ನೋಡಬೇಡಿ, ನಿಮ್ಮ ಮೊಣಕೈಯಿಂದ ನೋಡಿ. ಹೃದ್ರೋಗಿಗಳು, ರಕ್ತದೊತ್ತಡದ ಮಾತ್ರೆ ತಿನ್ನುವವರು ತಮ್ಮ ವೈದ್ಯರನ್ನು ಕೇಳದೆ ಇಳಿಯಬಾರದು. ಬಸುರಿ ಹೆಂಗಸರು ಇಳಿಯಲೇಬಾರದು. ಊಟ ಮಾಡಿದ ತಕ್ಷಣವೂ ಬೇಡ, ಬರಿ ಹೊಟ್ಟೆಯಲ್ಲೂ ಬೇಡ. ಹಳೆಯ ಹಕೀಮರು ಹಮ್ಮಾಮಿಗೆ ಹಾಕಿದ ಈ ನಿಯಮ ಬುಗ್ಗೆಗೂ ಸಲ್ಲುತ್ತದೆ. ಹತ್ತು ಹದಿನೈದು ನಿಮಿಷ ಸಾಕು. ಏಳುವಾಗ ನಿಧಾನ, ಪಕ್ಕದಲ್ಲಿ ಒಬ್ಬರು ಇರಲಿ. ಮೈ ಒರೆಸಿ, ಹೊದ್ದು, ಉಗುರುಬೆಚ್ಚಗಿನ ನೀರು ಕುಡಿಸಿ.

ಇನ್ನು ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಾದ ಮಾತು ಮೂಗಿನದು. ಬೆಚ್ಚಗಿನ ಸಿಹಿನೀರಿನಲ್ಲಿ ನೆಗ್ಲೇರಿಯಾ ಎಂಬ ಅಮೀಬಾ ಬೆಳೆಯುತ್ತದೆ. 46 ಡಿಗ್ರಿಯವರೆಗಿನ ಬಿಸಿಯಲ್ಲೂ ಅದು ಬದುಕುತ್ತದೆ, ಅಂದರೆ ಈ ಎರಡೂ ಬುಗ್ಗೆಗಳ ಬಿಸಿ ಅದಕ್ಕೆ ಒಗ್ಗುವಂಥದ್ದೇ. ನೀರು ಕುಡಿದರೆ ಅದು ಬರುವುದಿಲ್ಲ. ಮೂಗಿನ ಮೂಲಕ ಹೋದರೆ ಮಿದುಳಿಗೆ ಏರುತ್ತದೆ. ಕಾಯಿಲೆ ಅಪರೂಪ, ಆದರೆ ಬಂದವರಲ್ಲಿ ಬದುಕಿದವರು ಬಹಳ ಕಡಿಮೆ. ಪಕ್ಕದ ಕೇರಳದಲ್ಲಿ 2024 ಮತ್ತು 2025ರಲ್ಲಿ ಮಿದುಳಿಗೆ ಏರುವ ಅಮೀಬಾ ಕಾಯಿಲೆ ಸುದ್ದಿಯಾದದ್ದು ನಿಮಗೆ ನೆನಪಿರಬಹುದು. ಕರಾಚಿಯಲ್ಲಿ ಈಜದವರಿಗೂ ಇದು ಬಂತು. ವುಝೂ ಮಾಡುವಾಗ ಮೂಗಿಗೆ ಎಳೆದುಕೊಂಡ ನೀರೇ ಕಾರಣವಿರಬೇಕೆಂದು ಅಲ್ಲಿನ ವೈದ್ಯರು ಶಂಕಿಸಿದರು.

ಆದ್ದರಿಂದ ಬುಗ್ಗೆಯ ನೀರಿನಲ್ಲಿ ತಲೆ ಮುಳುಗಿಸಬೇಡಿ, ಮಕ್ಕಳು ಜಿಗಿಯುವುದಕ್ಕೆ ಬಿಡಬೇಡಿ, ನಿಂತ ನೀರಿಗಿಂತ ಹರಿಯುವ ನೀರನ್ನು ಆರಿಸಿಕೊಳ್ಳಿ. ಗಂಧಕದ ವಾಸನೆಯಿಂದ ನೀರು ನಾಪಾಕ್ ಆಗುವುದಿಲ್ಲ, ಅದು ನೆಲದಿಂದಲೇ ಬಂದ ಗುಣ. ವುಝೂ ಆಗುತ್ತದೆಯೇ ಎಂಬ ಸಂಶಯ ಬೇಡ. ಆದರೂ ಮೂಗಿಗೆ ಹಾಕುವ ನೀರು ಬೇರೆ ಇರಲಿ. ಹನಫಿಗಳಾದ ನಮಗೆ ಗುಸ್ಲ್‌ನಲ್ಲಿ ಮೂಗಿಗೆ ನೀರು ಹಾಕುವುದು ಫರ್ಝ್, ಬಿಡುವ ಹಾಗಿಲ್ಲ. ಮನೆಯಿಂದಲೇ ಕುದಿಸಿ ಆರಿಸಿದ ನೀರನ್ನು ಎರಡು ಬಾಟಲಿ ತುಂಬಿಕೊಳ್ಳಿ, ಲಾಡ್ಜಿನಲ್ಲಿ ಮತ್ತೆ ಕುದಿಸಿಕೊಳ್ಳಿ. ಮರಳಿ ಬಂದ ಎರಡು ವಾರದೊಳಗೆ ಜ್ವರ, ವಿಪರೀತ ತಲೆನೋವು, ವಾಂತಿ, ಕುತ್ತಿಗೆ ಬಿಗಿತ ಕಂಡರೆ ನನ್ನಂಥ ಯುನಾನಿಯವರ ಬಳಿ ಬರಬೇಡಿ. ನೇರ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಹೋಗಿ, ಬುಗ್ಗೆಯಲ್ಲಿ ಮಿಂದದ್ದನ್ನು ಬಾಯಿಬಿಟ್ಟು ಹೇಳಿ.

ಹೋಗುವ ಕಾಲವೂ ಮುಖ್ಯ. ಏಪ್ರಿಲ್-ಮೇನಲ್ಲಿ ಕರಾವಳಿಯ ಸೆಖೆಯಲ್ಲಿ ಬಿಸಿನೀರಿಗೆ ಇಳಿಯುವುದು ಮುದುಕರಿಗೆ ಶಿಕ್ಷೆ. ಮಳೆ ನಿಂತಮೇಲಿನ ದಸರಾ ರಜೆ, ಇಲ್ಲವೇ ಡಿಸೆಂಬರ್ ಒಳ್ಳೆಯದು. ಎರಡೂ ಊರುಗಳಲ್ಲಿ ಶಾಫಿಗಳೇ ಹೆಚ್ಚು, ಅಲ್ಲಿ ಅಸರ್ ಅಝಾನ್ ನಮ್ಮ ಕಡೆಗಿಂತ ಬೇಗ ಆಗುತ್ತದೆ. ಅಮ್ಮಿಯನ್ನು ಬುಗ್ಗೆಗೆ ಬೆಳಗ್ಗೆಯೇ ಕರೆದೊಯ್ಯಿರಿ.