ರಸಮಂಜರಿ ವೇದಿಕೆಯಲ್ಲಿ ಗಿಟಾರ್ ಪ್ರೊಸೆಸರ್: ಎಷ್ಟು ನಂಬಬಹುದು?

ಎಲೆಕ್ಟ್ರಿಕ್ ಗಿಟಾರಿನ ತಂತಿಯನ್ನು ಸುಮ್ಮನೆ ಮೀಟಿದರೆ ಪಕ್ಕದಲ್ಲಿ ಕೂತವರಿಗಷ್ಟೇ ಕೇಳುತ್ತದೆ. ಅದಕ್ಕೆ ಗಂಟಲು ಕೊಡುವುದು ಆಂಪ್ಲಿಫೈಯರ್, ವಾದಕರ ಬಾಯಲ್ಲಿ ‘ಆಂಪ್’. ವೀಣೆಗೆ ಅದರ ಕೊಡ ಇದ್ದಂತೆ ಎಲೆಕ್ಟ್ರಿಕ್ ಗಿಟಾರಿಗೆ ಆಂಪ್. ನಾದದ ಬಣ್ಣ ಅರ್ಧಕ್ಕರ್ಧ ಹುಟ್ಟುವುದು ಅಲ್ಲೇ. ಹಳೆಯ ಆಂಪ್‌ಗಳ ಒಳಗೆ ಇರುತ್ತಿದ್ದುದು ವಾಲ್ವ್ ರೇಡಿಯೊದಲ್ಲಿದ್ದಂಥದ್ದೇ ಗಾಜಿನ ವಾಲ್ವ್‌ಗಳು. ಅವನ್ನು ತುಸು ಮಿತಿಮೀರಿ ದುಡಿಸಿದಾಗ ನಾದ ಒಡೆದು ಗುರುಗುಡುತ್ತದೆ, ರಾಕ್ ಸಂಗೀತದ ಜೀವ ಆ ಗುರುಗುಡುವಿಕೆಯಲ್ಲಿದೆ. ಆದರೆ ಫೆಂಡರ್ ಟ್ವಿನ್ ರಿವರ್ಬ್‌ನಂಥ ಹೆಸರಾಂತ ಆಂಪ್ ಸುಮಾರು 29 ಕೆ.ಜಿ. ತೂಗುತ್ತದೆ, ಒಳಗಿರುವುದು ಗಾಜು, ಕಾಯಲು ಸಮಯ ಬೇಕು. ಇಂಥ ಆಂಪ್‌ಗಳ ಗುಣವನ್ನು ಗಣಿತದ ಮೂಲಕ ಅನುಕರಿಸಿ, ಕೆಲವೇ ಕೆ.ಜಿ. ತೂಕದ ಪೆಟ್ಟಿಗೆಯೊಂದರಲ್ಲಿ ಕೂರಿಸಿದ ಯಂತ್ರವೇ ಆಂಪ್ ಮಾಡೆಲರ್. ನಮ್ಮ ಆರ್ಕೆಸ್ಟ್ರಾದವರು ಅದನ್ನು ಕರೆಯುವುದು ‘ಪ್ರೊಸೆಸರ್’ ಎಂದು.

1989ರಲ್ಲಿ ಅಮೆರಿಕದ ಟೆಕ್ 21 ಕಂಪನಿ ‘ಸಾನ್ಸ್‌ಆಂಪ್’ ಎಂಬ ಪೆಡಲ್ ತಂದಿತು. ಅದರಲ್ಲಿ ಅಂಕಿ-ಸಂಖ್ಯೆಗಳ ಲೆಕ್ಕಾಚಾರವಿರಲಿಲ್ಲ, ಆದರೂ ಆಂಪ್ ಇಲ್ಲದೆ ನೇರ ಮಿಕ್ಸರಿಗೆ ಗಿಟಾರ್ ಜೋಡಿಸಬಹುದೆಂದು ಅದು ತೋರಿಸಿತು. 1998ರಲ್ಲಿ ಲೈನ್ 6 ಕಂಪನಿಯ ‘ಪಾಡ್’ ಬಂದ ಮೇಲೆ ಡಿಜಿಟಲ್ ಮಾಡೆಲರ್ ಜನಸಾಮಾನ್ಯರ ವಸ್ತುವಾಯಿತು. 2006ರಲ್ಲಿ ಫ್ರಾಕ್ಟಲ್ ಕಂಪನಿಯ ಆಕ್ಸ್-ಎಫ್‌ಎಕ್ಸ್, 2011ರಲ್ಲಿ ಜರ್ಮನಿಯ ಕೆಂಪರ್, 2015ರಲ್ಲಿ ಲೈನ್ 6ರದೇ ಹೀಲಿಕ್ಸ್ ಬಂದವು. ಈಚೆಗೆ ಫಿನ್‌ಲೆಂಡಿನ ನ್ಯೂರಲ್ ಡಿಎಸ್‌ಪಿಯಂಥ ಸಂಸ್ಥೆಗಳು ನಿಜವಾದ ಆಂಪ್‌ನ ನಾದವನ್ನು ಯಂತ್ರವೇ ಕಲಿತುಕೊಳ್ಳುವಂತೆ ಮಾಡಿವೆ. ನಾದ ಅಸಲಿಗೆ ಹತ್ತಿರವಿದೆಯೇ ಎಂಬ ಹಳೆಯ ಜಗಳ ಬಹುಮಟ್ಟಿಗೆ ತೀರಿದೆ. ತುಂಬಿದ ಜನಸಂದಣಿಯ ಎದುರು ಈ ಪೆಟ್ಟಿಗೆ ಕೈಕೊಡದೆ ನಿಲ್ಲುತ್ತದೆಯೇ ಎಂಬುದೇ ಉಳಿದಿರುವ ಪ್ರಶ್ನೆ.

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಈ ಪ್ರಶ್ನೆಗೆ ತೂಕ ಹೆಚ್ಚು. ಭಾದ್ರಪದದ ಗಣೇಶೋತ್ಸವದಿಂದ ಶುರುವಾಗಿ, 1610ರಷ್ಟು ಹಿಂದಿನ ಪರಂಪರೆಯ ನೆನಪು ಹೊತ್ತ ಶ್ರೀರಂಗಪಟ್ಟಣ ದಸರಾ, ನವೆಂಬರ್ ತಿಂಗಳಿಡೀ ನಡೆಯುವ ರಾಜ್ಯೋತ್ಸವ, ಆಮೇಲೆ ಊರೂರಿನ ಜಾತ್ರೆ, ಹಬ್ಬ ಎಂದು ಬೇಸಿಗೆ ಮುಗಿಯುವವರೆಗೂ ಇಲ್ಲಿ ವೇದಿಕೆಗಳು ಏಳುತ್ತಲೇ ಇರುತ್ತವೆ. ರಸಮಂಜರಿ ಇಲ್ಲದೆ ಅವು ಪೂರ್ತಿಯಾಗುವುದಿಲ್ಲ. ಈ ತಂಡಗಳ ಗಿಟಾರ್ ವಾದಕರು ಆಂಪ್ ಹೊತ್ತು ತಿರುಗುವುದು ಅಪರೂಪ. ಟೆಂಪೋದಲ್ಲಿ ಕೀಬೋರ್ಡ್, ರಿದಂ ಪ್ಯಾಡ್, ತಬಲಾ, ಡೋಲಕ್ಕುಗಳ ನಡುವೆ ಜಾಗವೇ ಇರುವುದಿಲ್ಲ. ಇನ್ನೊಂದು ಕಾರಣ ಹಾಡುಗಳದ್ದು. ಕಿಕ್ಕೇರಿಯಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರ ಭಾವಗೀತೆಗೆ ಮೆಲುವಾದ ಗಿಟಾರ್ ಬೇಕು. ಮರುಕ್ಷಣವೇ 1981ರ ‘ಗೀತಾ’ ಚಿತ್ರದ ಹಾಡಿಗೆ ಬೇಡಿಕೆ ಬಂದರೆ ನಾದ ಚಿಮ್ಮಬೇಕು, ಅದಾದ ಮೇಲೆ ಹೊಸ ಚಿತ್ರದ ಕುಣಿತದ ಹಾಡಿಗೆ ಗುಡುಗಬೇಕು. ಒಂದೇ ರಾತ್ರಿ ಇಷ್ಟು ವೇಷ ಹಾಕುವುದು ಒಂದು ವಾಲ್ವ್ ಆಂಪ್‌ನಿಂದ ಆಗದ ಕೆಲಸ, ಪ್ರೊಸೆಸರಿಗೆ ಕಾಲಿನ ಒಂದು ಒತ್ತು.

ಯಂತ್ರದೊಳಗಿನ ಕೆಲಸ ಹೀಗೆ ಸಾಗುತ್ತದೆ. ಗಿಟಾರಿನಿಂದ ಬಂದ ವಿದ್ಯುತ್ ಏರಿಳಿತವನ್ನು ಸೆಕೆಂಡಿಗೆ 44,100 ಅಥವಾ 48,000 ಸಲ ಅಳೆದು ಅಂಕಿಗಳಾಗಿ ಬದಲಿಸುತ್ತದೆ. ವಾಲ್ವ್ ಹೇಗೆ ನಾದವನ್ನು ಒಡೆಯುತ್ತಿತ್ತು, ಸ್ಪೀಕರ್ ಪೆಟ್ಟಿಗೆ ಹೇಗೆ ಅದರ ಮೊನಚನ್ನು ಸವರುತ್ತಿತ್ತು ಎಂಬ ಲೆಕ್ಕವನ್ನು ಆ ಅಂಕಿಗಳ ಮೇಲೆ ಹಾಕಿ, ಮತ್ತೆ ವಿದ್ಯುತ್ತಾಗಿಸಿ ಹೊರಬಿಡುತ್ತದೆ. ಇದಕ್ಕೆ ತಗಲುವ ಕಾಲ ಸಾಮಾನ್ಯವಾಗಿ ಎರಡು-ಮೂರು ಮಿಲಿಸೆಕೆಂಡು. ಗಾಳಿಯಲ್ಲಿ ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಎಂದರೆ ಆಂಪ್‌ನಿಂದ ಒಂದು ಮೀಟರ್ ದೂರ ನಿಂತು ನುಡಿಸಿದಷ್ಟೇ ತಡ. ವೈರ್‌ಲೆಸ್, ಡಿಜಿಟಲ್ ಮಿಕ್ಸರ್‌ಗಳು ಸೇರಿದರೆ ಇನ್ನಷ್ಟು ಮಿಲಿಸೆಕೆಂಡು ಕೂಡುತ್ತವೆ. ಆದರೂ ನುಡಿಸುವ ಕೈಗೆ ಅದು ತೊಡಕಾಗುವುದು ಕಡಿಮೆ. ತಡವಾಗುತ್ತದೆ ಎಂಬ ದೂರಿನಲ್ಲಿ ಈಗ ಹುರುಳಿಲ್ಲ.

ಪೆಟ್ಟಿಗೆಯ ಗಟ್ಟಿತನದ ಮಾತಿಗೆ ಬಂದರೆ, ಒಳಗೆ ಒಡೆಯುವ ಗಾಜಿಲ್ಲ, ಸವೆಯುವ ವಾಲ್ವ್ ಇಲ್ಲ. ನಾಗಮಂಗಲದ ಕಡೆಯ ಹಳ್ಳಿರಸ್ತೆಗಳಲ್ಲಿ ಟೆಂಪೋ ಕುಲುಕಿದರೂ ಸರ್ಕ್ಯೂಟ್ ಬೋರ್ಡಿಗೆ ಅಷ್ಟೇನೂ ಧಕ್ಕೆಯಾಗುವುದಿಲ್ಲ. ಸೋಲುವುದು ಅಂಚಿನ ಭಾಗಗಳು. ಸಾವಿರಾರು ಸಲ ತುಳಿಸಿಕೊಂಡ ಸ್ವಿಚ್ಚು ಒಮ್ಮೆ ಒತ್ತಿದರೆ ಎರಡು ಸಲ ಒತ್ತಿದಂತೆ ವರ್ತಿಸತೊಡಗುತ್ತದೆ. ಎಲ್ಲಕ್ಕಿಂತ ದುರ್ಬಲ ಜಾಗವೆಂದರೆ ಅಡಾಪ್ಟರ್ ಪಿನ್ ಚುಚ್ಚುವ ತೂತು. ಹಾಡುಗಾರರು ಓಡಾಡುವಾಗ ಕಾಲಿಗೆ ವೈರು ಸಿಕ್ಕಿ ಆ ಪಿನ್ ಅರೆಕ್ಷಣ ಅಲುಗಿದರೆ ಸಾಕು, ಯಂತ್ರ ಆರಿ ಮತ್ತೆ ಮೊದಲಿನಿಂದ ಹೊತ್ತಿಕೊಳ್ಳುತ್ತದೆ. ಕೆಲವು ಯಂತ್ರಗಳು ಕೆಲವೇ ಸೆಕೆಂಡುಗಳಲ್ಲಿ ಎದ್ದರೆ, ಕಂಪ್ಯೂಟರಿನಂತಿರುವ ದೊಡ್ಡವಕ್ಕೆ ಅರ್ಧ ನಿಮಿಷವೋ ಅದಕ್ಕಿಂತ ಹೆಚ್ಚೋ ಬೇಕು. ಅಷ್ಟು ಹೊತ್ತು ವೇದಿಕೆಯ ಮೇಲೆ ಗಿಟಾರ್ ಮೂಕ. ಅಡಾಪ್ಟರ್ ವೈರನ್ನು ಒಂದು ಸುತ್ತು ಬಳಸಿ ಪೆಡಲ್ ಹಲಗೆಗೆ ಟೇಪಿನಿಂದ ಬಿಗಿದರೆ ಎಳೆತ ಟೇಪಿನ ಮೇಲೆ ಬೀಳುತ್ತದೆ, ಪಿನ್ನಿನ ಮೇಲಲ್ಲ. ಎರಡು ನಿಮಿಷದ ಕೆಲಸ.

ಹಳ್ಳಿಯ ವೇದಿಕೆಯಲ್ಲಿ ಪ್ರೊಸೆಸರಿನ ನಿಜವಾದ ಶತ್ರು ಕರೆಂಟು. ನಿಯಮದಂತೆ ಮನೆಬಳಕೆಯ ವೋಲ್ಟೇಜ್ 230ರ ಆಸುಪಾಸು ಇರಬೇಕು. ಟ್ರಾನ್ಸ್‌ಫಾರ್ಮರಿನಿಂದ ದೂರದ ದೇವಸ್ಥಾನದ ಬಯಲಿಗೆ ಎಳೆದ ವೈರಿನ ತುದಿಯಲ್ಲಿ, ಸೀರಿಯಲ್ ಸೆಟ್ಟು, ಫೋಕಸ್ ಲೈಟು ಎಲ್ಲ ಉರಿಯುವಾಗ ಅಷ್ಟು ಉಳಿಯುವುದು ಕಷ್ಟ. ಒಳ್ಳೆಯ ಸುದ್ದಿಯೆಂದರೆ ಈಗಿನ ಹೆಚ್ಚಿನ ಅಡಾಪ್ಟರ್‌ಗಳು 100ರಿಂದ 240 ವೋಲ್ಟ್‌ವರೆಗೆ ಎಲ್ಲಿದ್ದರೂ ದುಡಿಯುತ್ತವೆ, ವೋಲ್ಟೇಜ್ ಡ್ರಾಪ್ ಅವಕ್ಕೆ ಲೆಕ್ಕವಿಲ್ಲ. ಒಳಗೆ ತಾಮ್ರದ ಸುರುಳಿಯಿರುವ ಹಳೆಯ ಭಾರದ ಅಡಾಪ್ಟರ್‌ಗಳು ಹಾಗಲ್ಲ. ವೋಲ್ಟೇಜ್ ಕುಸಿದರೆ ಅವುಗಳ ಹಿಂದಿರುವ ಪ್ರೊಸೆಸರ್ ಗುಂಯ್‌ಗುಡುತ್ತದೆ, ಇಲ್ಲವೇ ತಾನಾಗಿ ಆರಿ ಹತ್ತುತ್ತದೆ. ಅಮೆರಿಕದಿಂದ ನೆಂಟರು ತಂದುಕೊಟ್ಟ ಯಂತ್ರದ ಅಡಾಪ್ಟರಿನ ಮೇಲೆ 120 ವೋಲ್ಟ್ ಎಂದಷ್ಟೇ ಬರೆದಿದ್ದರೆ ಅದನ್ನು ಇಲ್ಲಿನ ಪ್ಲಗ್ಗಿಗೆ ಚುಚ್ಚಲೇಬಾರದು, ಸುಟ್ಟುಹೋಗುತ್ತದೆ.

ಡ್ರಾಪ್‌ಗಿಂತ ಹೆಚ್ಚು ಅಂಜಬೇಕಾದ್ದು ನ್ಯೂಟ್ರಲ್ ಕಟ್ಟಾಗುವುದಕ್ಕೆ. ದೊಡ್ಡ ಪೆಂಡಾಲಿಗೆ ಮೂರು ಫೇಸಿನ ಕರೆಂಟು ಕೊಟ್ಟಿರುತ್ತಾರೆ. ದೀಪಗಳೆಲ್ಲ ಒಂದು ಫೇಸಿನಲ್ಲಿ, ಸೌಂಡ್ ಸಿಸ್ಟಮ್ ಇನ್ನೊಂದರಲ್ಲಿ. ಪ್ರತಿ ಫೇಸಿಗೂ ನ್ಯೂಟ್ರಲ್‌ಗೂ ನಡುವೆ 230 ವೋಲ್ಟ್ ಇದ್ದರೆ, ಎರಡು ಫೇಸ್‌ಗಳ ನಡುವೆ ಸುಮಾರು 400 ವೋಲ್ಟ್ ಇರುತ್ತದೆ. ಎಲ್ಲವನ್ನೂ ಸಮತೂಕದಲ್ಲಿ ಹಿಡಿದಿರುವುದು ಆ ಒಂದು ನ್ಯೂಟ್ರಲ್ ವೈರು. ಜಂಕ್ಷನ್ನಿನಲ್ಲಿ ಬರಿಗೈಯಲ್ಲಿ ತಿರುಚಿ ಟೇಪ್ ಸುತ್ತಿದ ಆ ವೈರು ಬಿಸಿಯಾಗಿ ಸಡಿಲವಾಯಿತೆನ್ನಿ. ಆಗ ಹೆಚ್ಚು ಹೊರೆಯಿರುವ ದೀಪಗಳ ಫೇಸಿನಲ್ಲಿ ವೋಲ್ಟೇಜ್ ಇಳಿದು, ಕಡಿಮೆ ಹೊರೆಯಿರುವ ಸೌಂಡ್ ಫೇಸಿನಲ್ಲಿ 300 ದಾಟಬಹುದು. ದೀಪಗಳು ಮಂಕಾಗುತ್ತಿದ್ದಂತೆ ವೇದಿಕೆಯ ಅಡಾಪ್ಟರ್‌ಗಳು ಪಟಪಟನೆ ಸಿಡಿದು ಸುಟ್ಟ ವಾಸನೆ ಬರುವುದು ಹೀಗೆ. ಇಲ್ಲಿ ತಪ್ಪು ಪ್ರೊಸೆಸರಿನದಲ್ಲ. ಆದರೂ ‘ಡಿಜಿಟಲ್ ಐಟಂ ನಂಬೋ ಹಾಗಿಲ್ಲ’ ಎಂಬ ಅಪವಾದ ಅದರ ತಲೆಗೆ ಬರುತ್ತದೆ. ವೋಲ್ಟೇಜ್ ಮಿತಿಮೀರಿದರೆ ಸಂಪರ್ಕ ಕಡಿಯುವ ಕಟ್-ಆಫ್ ಸಾಧನ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ವೇದಿಕೆಯ ಬೋರ್ಡಿನಲ್ಲಿ ಅದೊಂದು ಇದ್ದರೆ ಪ್ರೊಸೆಸರಷ್ಟೇ ಅಲ್ಲ, ಕೀಬೋರ್ಡೂ ಮಿಕ್ಸರೂ ಉಳಿಯುತ್ತವೆ.

ಇನ್ನು ಕರೆಂಟು ಪೂರ್ತಿ ಹೋಗುವ ಮಾತು. ಲೈನಿನಿಂದ ಜನರೇಟರಿಗೆ ಬದಲಿಸುವ ಹಿಡಿಕೆಯನ್ನು ಎಳೆಯುವಷ್ಟರಲ್ಲಿ ಕೆಲವು ಸೆಕೆಂಡು ಕತ್ತಲೆ. ಜನ ಶಿಳ್ಳೆ ಹೊಡೆಯುತ್ತಾರೆ, ದೀಪ ಬರುತ್ತದೆ, ತಬಲಾ ಮತ್ತೆ ಶುರುವಾಗುತ್ತದೆ. ಪ್ರೊಸೆಸರ್ ಮಾತ್ರ ಇನ್ನೂ ತನ್ನ ಪರದೆಯ ಮೇಲೆ ಕಂಪನಿಯ ಹೆಸರು ತೋರಿಸುತ್ತ ನಿಂತಿರುತ್ತದೆ. ಇದಕ್ಕೆ ಮದ್ದು ತೀರ ಸರಳ: ಕಂಪ್ಯೂಟರಿಗೆ ಬಳಸುವ 600 ವಿಎ ಯುಪಿಎಸ್. ಪ್ರೊಸೆಸರ್ ಎಳೆಯುವ ವಿದ್ಯುತ್ ಕಡಿಮೆಯಾದ್ದರಿಂದ ಅದೊಂದನ್ನೇ ಜೋಡಿಸಿದರೆ ಯುಪಿಎಸ್ ಆರಾಮಾಗಿ ಹೊತ್ತುಕೊಳ್ಳುತ್ತದೆ. ಝೂಮ್, ಬಾಸ್ ಕಂಪನಿಗಳ ಕೆಲವು ಚಿಕ್ಕ ಪ್ರೊಸೆಸರ್‌ಗಳಂತೂ ನಾಲ್ಕು ಪೆನ್‌ಸೆಲ್‌ಗಳಲ್ಲಿ ಗಂಟೆಗಟ್ಟಲೆ ನಡೆಯುತ್ತವೆ. ಅಡಾಪ್ಟರ್ ಚುಚ್ಚಿದ್ದರೂ ಒಳಗೆ ಸೆಲ್ ಹಾಕಿಟ್ಟ ವಾದಕರಿಗೆ ಕರೆಂಟಿನ ಚಿಂತೆ ಬಹುಪಾಲು ಕಡಿಮೆ.

ಹವೆಯ ಕಾಟ ತಾಲ್ಲೂಕಿನಿಂದ ತಾಲ್ಲೂಕಿಗೆ ಬೇರೆ. ಕಾವೇರಿಯ ನೀರುಂಡ ಶ್ರೀರಂಗಪಟ್ಟಣ, ಪಾಂಡವಪುರದ ಗದ್ದೆಬಯಲಿನಲ್ಲಿ ಸಂಜೆಯಾದರೆ ದೀಪಕ್ಕೆ ಮುತ್ತುವ ಹುಳುಗಳು ಗುಂಡಿಗಳ ಸಂದಿಗೆಲ್ಲ ಇಳಿಯುತ್ತವೆ. ಹೇಮಾವತಿ ನಾಲೆಯ ಕೆ.ಆರ್. ಪೇಟೆಯಲ್ಲೂ ಅದೇ ಕಥೆ. ಮಾಗಿಯ ರಾತ್ರಿ ಬಯಲಿನ ವೇದಿಕೆಯ ಮೇಲೆ ಇಬ್ಬನಿ ಬಿದ್ದು ಲೋಹದ ಪೆಟ್ಟಿಗೆ ತೇವವಾಗುತ್ತದೆ. ನಾಗಮಂಗಲದ ಒಣಬಯಲಿನಲ್ಲಿ ಸಮಸ್ಯೆ ಕೆಂಧೂಳಿನದು, ಅದು ಜಾಕ್‌ಗಳಲ್ಲಿ ಕೂತು ಕರಕರ ಸದ್ದು ತರುತ್ತದೆ. ತಯಾರಕರು ಇಂಥ ಯಂತ್ರಗಳಿಗೆ ಸಾಮಾನ್ಯವಾಗಿ ಹೇಳುವ ಮಿತಿ 40 ಡಿಗ್ರಿ ಸೆಲ್ಸಿಯಸ್. ಏಪ್ರಿಲ್ ಮಧ್ಯಾಹ್ನ ಸೌಂಡ್ ಚೆಕ್ ಮಾಡುವಾಗ ಬಿಸಿಲಿಗೆ ಬಿದ್ದ ಕಪ್ಪು ಪೆಟ್ಟಿಗೆ ಆ ಮಿತಿಯನ್ನು ಬೇಗ ಮುಟ್ಟುತ್ತದೆ. ನುಡಿಸದಿರುವಾಗ ಆಫ್ ಮಾಡಿ, ಮೇಲೊಂದು ಬಿಳಿ ಪಂಚೆ ಹೊದಿಸಿಟ್ಟರೆ ಬಿಸಿಲು, ಹುಳು, ಧೂಳು ಮೂರಕ್ಕೂ ಸಾಕು. ಅಶ್ವಿನಿ, ಭರಣಿ ಮಳೆಯ ದಿನಗಳಲ್ಲಿ ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತಿಡಬೇಕು, ಆಫ್ ಮಾಡಿದರೆ ಸಾಲದು.

ಯಂತ್ರ ಸರಿಯಿದ್ದೂ ನಾದ ಕೈಕೊಡುವುದುಂಟು. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಮೆಲ್ಲನೆಯ ಸದ್ದಿನಲ್ಲಿ ಹದಮಾಡಿದ ಟೋನ್, ವೇದಿಕೆಯ ದೊಡ್ಡ ಸ್ಪೀಕರುಗಳಲ್ಲಿ ಕಿವಿಗೆ ಚುಚ್ಚುತ್ತದೆ. ಸದ್ದು ಸಣ್ಣದಿದ್ದಾಗ ನಮ್ಮ ಕಿವಿಗೆ ತೀರ ತಗ್ಗಿನ, ತೀರ ಮೇಲಿನ ಸ್ವರಗಳು ಕಡಿಮೆ ಕೇಳುವುದರಿಂದ ಅವನ್ನು ಗೊತ್ತಿಲ್ಲದೆಯೇ ಏರಿಸಿಟ್ಟಿರುತ್ತೇವೆ. ಟೋನುಗಳನ್ನು ವೇದಿಕೆಯ ಮಟ್ಟದ ಸದ್ದಿನಲ್ಲೇ ಕೂರಿಸಿ, ಒಂದರಿಂದ ಇನ್ನೊಂದಕ್ಕೆ ಹೋದಾಗ ವಾಲ್ಯೂಮ್ ಜಿಗಿಯದಂತೆ ನೋಡಿಕೊಳ್ಳಬೇಕು. ಕಾರ್ಯಕ್ರಮದ ವಾರದಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಬಾರದು. ಟೋನುಗಳ ಒಂದು ಪ್ರತಿ ಲ್ಯಾಪ್‌ಟಾಪಿನಲ್ಲೋ ಪೆನ್‌ಡ್ರೈವಿನಲ್ಲೋ ಇರಲಿ.

ಒಂದು ವಿಷಯದಲ್ಲಿ ಹಳೆಯ ಆಂಪ್‌ನದೇ ಮೇಲುಗೈ ಎಂದು ಒಪ್ಪಲೇಬೇಕು. ಆಂಪ್ ಕೆಡುವಾಗ ಕೊರಗುತ್ತ ಸೂಚನೆ ಕೊಟ್ಟು ಕೆಡುತ್ತಿತ್ತು, ಮಂಡ್ಯದ ರೇಡಿಯೊ ಮೆಕ್ಯಾನಿಕ್ ಬೆಸುಗೆ ಹಾಕಿ ಎಬ್ಬಿಸುತ್ತಿದ್ದರು. ಪ್ರೊಸೆಸರ್ ಕೆಟ್ಟರೆ ಒಮ್ಮೆಲೇ ಪೂರ್ತಿ ಮೌನ, ಸಾಸಿವೆ ಕಾಳಿನಷ್ಟು ಬಿಡಿಭಾಗಗಳ ಬೋರ್ಡನ್ನು ಊರಿನಲ್ಲಿ ಯಾರೂ ಮುಟ್ಟಲಾರರು. ಅದಕ್ಕೇ ಬ್ಯಾಗಿನಲ್ಲಿ ಎರಡನೆಯದೊಂದು ಇರಬೇಕು. ದೊಡ್ಡದೇ ಬೇಕೆಂದಿಲ್ಲ, ಸೆಲ್ ಹಾಕಿದ ಹಳೆಯ ಚಿಕ್ಕ ಪ್ರೊಸೆಸರ್ ಸಾಕು. ಕರ್ನಾಟಕ ಸಂಗೀತದವರು ಈ ದಾರಿಯನ್ನು ಮೊದಲೇ ಹಾದಿದ್ದಾರೆ. 1970ರ ದಶಕದ ಕೊನೆಗೆ ಬೆಂಗಳೂರಿನ ಜಿ. ರಾಜ್ ನಾರಾಯಣ್ ರೂಪಿಸಿದ ಎಲೆಕ್ಟ್ರಾನಿಕ್ ತಂಬೂರವನ್ನು ಅನುಮಾನದಿಂದ ನೋಡಿದವರಿದ್ದರು. ಈಗ ಅಂಥ ಶ್ರುತಿಪೆಟ್ಟಿಗೆ ಇಲ್ಲದ ಕಛೇರಿಯೇ ವಿರಳ.

ಕೊನೆಯದು ಜೀವದ ಪ್ರಶ್ನೆ. ಗಿಟಾರಿನ ತಂತಿಗಳು ವೈರಿನ ಮೂಲಕ ಪ್ರೊಸೆಸರಿಗೂ ಮಿಕ್ಸರಿಗೂ ಸಂಪರ್ಕದಲ್ಲಿರುತ್ತವೆ. ಹಾಡುತ್ತ ನುಡಿಸುವವರ ಬೆರಳು ತಂತಿಯ ಮೇಲೆ, ತುಟಿ ಮೈಕಿನ ಮೇಲೆ. ಎರಡರ ಅರ್ಥಿಂಗ್ ಬೇರೆ ಬೇರೆಯಾಗಿ, ಒಂದರಲ್ಲಿ ಕರೆಂಟು ಸೋರಿದ್ದರೆ ಅದು ಹರಿಯುವುದು ಎದೆಯ ಮೂಲಕ. 1972ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸ್ವಾನ್ಸಿ ನಗರದಲ್ಲಿ ‘ಸ್ಟೋನ್ ದ ಕ್ರೋಸ್’ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ ಅರ್ಥಿಂಗ್ ಸರಿಯಿಲ್ಲದ ಮೈಕ್ ಮುಟ್ಟಿ ವೇದಿಕೆಯ ಮೇಲೆಯೇ ತೀರಿಕೊಂಡರು. ಗುಂಯ್ ಸದ್ದು ಹೋಗಲೆಂದು ಮೂರು ಪಿನ್ನಿನ ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಹಾಕುವ ರೂಢಿ ಇನ್ನೂ ಅಲ್ಲಲ್ಲಿ ಇದೆ. ಅದು ಸಾವಿನೊಡನೆ ಆಟ. ಆ ಸದ್ದಿಗೆ, ಪ್ರೊಸೆಸರನ್ನು ಮಿಕ್ಸರಿಗೆ ಜೋಡಿಸುವ ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಗುಂಡಿಯಿದೆ, ಪ್ಲಗ್ಗಿನ ಪಿನ್ ಮುಟ್ಟಬೇಕಿಲ್ಲ. ನುಡಿಸುವ ಮೊದಲು ಮಲ್ಟಿಮೀಟರಿನ ಒಂದು ಕಡ್ಡಿಯನ್ನು ತಂತಿಗೆ, ಇನ್ನೊಂದನ್ನು ಮೈಕಿನ ಜಾಲರಿಗೆ ಇಟ್ಟು ನೋಡಬೇಕು. ಒಂದೆರಡು ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಕಾರಣ ಪತ್ತೆಯಾಗುವವರೆಗೆ ಹಾಡು ಶುರುವಾಗಬಾರದು.

ಈ ಸಾಲಿನ ಗಣೇಶೋತ್ಸವಕ್ಕೆ ಪೆಂಡಾಲ್ ಹಾಕಿಸುವ ಸಮಿತಿಗಳು ಕಲಾವಿದರ ಪಟ್ಟಿ ಮಾಡುವ ದಿನವೇ ಎಲೆಕ್ಟ್ರಿಷಿಯನ್ನರನ್ನೂ ಕೂರಿಸಿಕೊಳ್ಳಲಿ. ವೇದಿಕೆಯ ಪಕ್ಕ ಸರಿಯಾದ ಅರ್ಥಿಂಗ್, ಬೋರ್ಡಿನಲ್ಲಿ ಕರೆಂಟು ಸೋರಿದ ಕೂಡಲೇ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಬಿಗಿಯಾಗಿ ಸ್ಕ್ರೂ ಹಾಕಿದ ನ್ಯೂಟ್ರಲ್. ಇವು ಮೂರೂ ಆದ ಮೇಲೆ ದೀಪ ಹಚ್ಚಲಿ.