ರೆಂಡರಿಂಗ್: ಕಾಯುವಿಕೆಗೊಂದು ಲೆಕ್ಕ

ಮದುವೆಯ ಸಂಭ್ರಮ ಮುಗಿದ ವಾರದಲ್ಲೇ ನಮ್ಮ ಮನೆಗಳಲ್ಲಿ ಏಳುವ ಪ್ರಶ್ನೆಯೊಂದಿದೆ: ವಿಡಿಯೋ ಸಿದ್ಧವಾಯಿತೇ? ರಜೆ ತೀರಿದ ಮಗನು ಕೊಲ್ಲಿ ರಾಷ್ಟ್ರಕ್ಕೆ ಮರಳುವ ದಿನ ಗೊತ್ತಾಗಿರುತ್ತದೆ. ಹಾಸಿಗೆ ಹಿಡಿದ ಅಜ್ಜಿಗೆ ಮೊಮ್ಮಗಳ ರೋಸ್ ಶಾಸ್ತ್ರವನ್ನು ತೋರಿಸಬೇಕಾಗಿರುತ್ತದೆ. ಸಂಕಲನಕಾರನು ‘ನಾಳೆ’ ಎನ್ನುತ್ತಾನೆ. ಆ ಒಂದು ನಾಳೆಯು ನಾಲ್ಕಾದಾಗ ಮನಸ್ತಾಪ ಹುಟ್ಟುತ್ತದೆ. ಹಲವು ವೇಳೆ ಇಲ್ಲಿನ ಕೊರತೆ ಪ್ರಾಮಾಣಿಕತೆಯದಲ್ಲ, ಲೆಕ್ಕದ್ದು.

ಸಂಕಲನ ಮುಗಿದೊಡನೆ ವಿಡಿಯೋ ಸಿದ್ಧವಾಗುವುದಿಲ್ಲ. ಬಣ್ಣ ತಿದ್ದಿದ್ದು, ಹೆಸರು ಬರೆದದ್ದು, ದೃಶ್ಯಗಳನ್ನು ಬೆಸೆದದ್ದು ಎಲ್ಲವೂ ಅಲ್ಲಿಯವರೆಗೆ ಸೂಚನೆಗಳು ಮಾತ್ರ. ಆ ಸೂಚನೆಗಳಂತೆ ಗಣಕಯಂತ್ರವು ಪ್ರತಿಯೊಂದು ಚಿತ್ರವನ್ನೂ ಹೊಸದಾಗಿ ರಚಿಸಿ ಕಡತಕ್ಕಿಳಿಸುವ ಕಾರ್ಯವೇ ರೆಂಡರಿಂಗ್. ಸೆಕೆಂಡಿಗೆ 25 ಚಿತ್ರಗಳಂತೆ ಎರಡು ಗಂಟೆಯ ವಿಡಿಯೋದಲ್ಲಿ 1,80,000 ಚಿತ್ರಗಳಿರುತ್ತವೆ.

ಅರಿಸ್ಟಾಟಲನು ಕಾಲವನ್ನು ಚಲನೆಯ ಎಣಿಕೆಯೆಂದು ವಿವರಿಸಿದನು. ಇಲ್ಲಿ ಎಣಿಕೆ ಸುಲಭ. ಆದರೆ ಎಣಿಸಿದ ಚಿತ್ರಗಳ ಭಾರ ಒಂದೇ ಅಲ್ಲ. ಆರಂಭದ ಸರಳ ಭಾಗವು ಬೇಗನೆ ಸಾಗಿ ‘ಅರ್ಧ ಮುಗಿಯಿತು’ ಎಂದು ಪರದೆಯು ತೋರಿಸಿದರೂ ಅರ್ಧ ಶ್ರಮ ಮುಗಿದಿರಬೇಕೆಂದಿಲ್ಲ. ಆದುದರಿಂದ ಸರಳ ಭಾಗದಿಂದಲೂ ಭಾರವಾದ ಭಾಗದಿಂದಲೂ ಒಂದೊಂದು ತುಣುಕನ್ನು ಮೊದಲು ರೆಂಡರ್ ಮಾಡಿ ಅಳೆಯುವುದೇ ವಿವೇಕ. ಸರಳ ಭಾಗದ ಒಂದು ನಿಮಿಷಕ್ಕೆ ಒಂದು ನಿಮಿಷವೂ, ಭಾರವಾದ ಭಾಗದ ಒಂದು ನಿಮಿಷಕ್ಕೆ ಆರು ನಿಮಿಷವೂ ಹಿಡಿಯಿತೆನ್ನೋಣ. ಸರಳವಾದುದು 90 ನಿಮಿಷ, ಭಾರವಾದುದು 30 ನಿಮಿಷ ಇದ್ದರೆ 90ಕ್ಕೆ 180 ಕೂಡಿ 270 ನಿಮಿಷ, ಅಂದರೆ ನಾಲ್ಕೂವರೆ ಗಂಟೆ. ಸರಳ ತುಣುಕನ್ನಷ್ಟೇ ಅಳೆದವನು ಎರಡು ಗಂಟೆಯೆಂದು ಮಾತು ಕೊಟ್ಟಿರುತ್ತಿದ್ದನು!

1995ರಲ್ಲಿ ತೆರೆಕಂಡ ‘ಟಾಯ್ ಸ್ಟೋರಿ’ ಚಿತ್ರಕ್ಕಾಗಿ ಪಿಕ್ಸಾರ್ ಸಂಸ್ಥೆಯು 117 ಗಣಕಯಂತ್ರಗಳನ್ನು ಹಗಲಿರುಳು ದುಡಿಸಿತು. ಅದರ ಒಂದೊಂದು ಚಿತ್ರಕ್ಕೆ 45 ನಿಮಿಷದಿಂದ 30 ಗಂಟೆಯವರೆಗೆ ಹಿಡಿಯಿತು. ಒಂದೇ ಚಲನಚಿತ್ರದೊಳಗೆ ಅಂತರವು ಇಷ್ಟಿರುವಾಗ, ಒಂದೇ ತುಣುಕಿನಿಂದ ಇಡೀ ಕೆಲಸವನ್ನು ಅಳೆಯುವುದು ಹೇಗೆ?

ಇನ್ನೂ ಕೆಲವು ಸಂಗತಿಗಳನ್ನು ಲೆಕ್ಕಕ್ಕೆ ಸೇರಿಸಬೇಕು. ಬಹಳ ಹೊತ್ತು ದುಡಿದ ಲ್ಯಾಪ್‌ಟಾಪ್ ಬಿಸಿಯೇರಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಆದುದರಿಂದ ಅಳೆಯುವ ತುಣುಕು ತೀರಾ ಚಿಕ್ಕದಾಗಿರಬಾರದು. ನಡುವೆ ವಿದ್ಯುತ್ ಹೋದರೆ ಇಡೀ ಶ್ರಮ ವ್ಯರ್ಥವಾಗಬಹುದು. ಭಾಗಗಳಾಗಿ ರೆಂಡರ್ ಮಾಡಿ ಜೋಡಿಸಿದರೆ ಮುಗಿದ ಭಾಗಗಳಾದರೂ ಉಳಿಯುತ್ತವೆ. ಕೊನೆಗೆ ಪೂರ್ತಿಯಾಗಿ ನೋಡಿ ಪರೀಕ್ಷಿಸಲು ಮತ್ತೆ ಎರಡು ಗಂಟೆ ಬೇಕು. ನಾಲ್ಕೂವರೆ ಹೀಗೆ ಆರೂವರೆಯಾಯಿತು. ತಪ್ಪು ಕಂಡುಬಂದರೆ ತಿದ್ದಲು ಇನ್ನಷ್ಟು ಸಮಯ ಬೇಕು.

ಕುಟುಂಬಗಳ ಹೊಣೆಯೂ ಇದರಲ್ಲಿದೆ. ಅತ್ತೆಯ ಹೆಸರಿನ ಕಾಗುಣಿತವನ್ನು, ಬೇಕಾದ ಹಾಡನ್ನು, ಬಿಟ್ಟುಹೋದ ನೆಂಟರ ಚಿತ್ರವನ್ನು ರೆಂಡರಿಂಗ್‌ಗೆ ಮುನ್ನವೇ ತಿಳಿಸೋಣ. ‘ಎಷ್ಟು ಹೊತ್ತು?’ ಎಂದು ಕೇಳುವುದರ ಜೊತೆಗೆ ‘ಅಳೆದು ನೋಡಿದಿರಾ?’ ಎಂದೂ ಕೇಳೋಣ. ಅಳೆದು ಹೇಳಿದ ನಾಳಿದ್ದು, ಅಳೆಯದೆ ಹೇಳಿದ ನಾಳೆಗಿಂತ ಮೇಲು.