ರೂತಳ ಹಕ್ಕಲು

ಬೈಬಲ್ಲಿನಲ್ಲಿ ರೂತಳ ಪುಸ್ತಕಕ್ಕೆ ನಾಲ್ಕೇ ಅಧ್ಯಾಯ. ಅದರಲ್ಲಿ ಯುದ್ಧವಿಲ್ಲ, ಪವಾಡವಿಲ್ಲ, ರಾಜರ ದರ್ಬಾರಿಲ್ಲ. ಇರುವುದು ಬರ, ಗುಳೆ, ಹೊಲ, ಸುಗ್ಗಿ, ಕಣ, ಒಬ್ಬ ಅತ್ತೆ, ಒಬ್ಬ ಸೊಸೆ. ಮಕ್ಕಳಿಗೆ ದುಡಿಮೆಯ ಪಾಠ ಹೇಳಬೇಕಾದಾಗ ಪಳಗಿದ ಸಂಡೆ ಸ್ಕೂಲ್ ಶಿಕ್ಷಕರು ಈ ಪುಸ್ತಕವನ್ನು ಯಾಕೆ ತೆರೆಯಬೇಕು ಎಂಬುದು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯಂಥ ಊರಿನ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡರೆ ಬೇಗ ತಿಳಿಯುತ್ತದೆ. ಇಲ್ಲಿಂದ ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯವರೆಗೆ ಹಬ್ಬಿರುವುದು ಎರೆಭೂಮಿ, ಹಿಂಗಾರಿ ಜೋಳದ ನಾಡು. ಉತ್ತರಿ, ಹಸ್ತ ಮಳೆಗೆ ಬಿತ್ತಿದ ಜೋಳ ಶಿವರಾತ್ರಿಯ ಆಸುಪಾಸಿನಲ್ಲಿ ಸುಗ್ಗಿಗೆ ಬರುತ್ತದೆ. ತೆನೆ ಮುರಿದು ಕಣಿಕೆ ಕಟ್ಟಿದ ಮೇಲೆ ಹೊಲದಲ್ಲಿ ಉಳಿದುಬಿದ್ದ ತೆನೆಗಳನ್ನು ಬಡವರು ಆರಿಸಿಕೊಳ್ಳುವುದಕ್ಕೆ ಹಕ್ಕಲು ಎನ್ನುತ್ತಾರೆ. ರೂತ್ ಮಾಡಿದ್ದೂ ಅದೇ ದಗದ. ಬೇತ್ಲೆಹೇಮಿನ ಹೊಲದಲ್ಲಿದ್ದದ್ದು ಜೋಳದ ಬದಲು ಜವೆಗೋದಿ, ಅಷ್ಟೇ ವ್ಯತ್ಯಾಸ.

ಕಥೆಯ ಮೂಲಕ ದುಡಿಮೆ ಕಲಿಸುವ ಈ ಪದ್ಧತಿಗೆ ಒಂದು ಹಿನ್ನೆಲೆಯಿದೆ. ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದಲ್ಲಿ 1780ರಲ್ಲಿ ರಾಬರ್ಟ್ ರೇಕ್ಸ್ ಭಾನುವಾರದ ಶಾಲೆ ಆರಂಭಿಸಿದ್ದು ವಾರದ ಆರು ದಿನ ಗುಂಡುಸೂಜಿ ತಯಾರಿಕೆಯಂಥ ಕೆಲಸಗಳಲ್ಲಿ ದುಡಿಯುತ್ತಿದ್ದ ಮಕ್ಕಳಿಗಾಗಿ. ಅಂದರೆ ಅಲ್ಲಿ ಕೂತಿದ್ದವರು ದುಡಿಮೆ ಗೊತ್ತಿಲ್ಲದವರೇನೂ ಆಗಿರಲಿಲ್ಲ; ಅತಿಯಾಗಿ ದುಡಿದು ದಣಿದವರು. ಕನ್ನಡಕ್ಕೆ ಬೈಬಲ್ ಪೂರ್ತಿಯಾಗಿ ಬಂದದ್ದು 1831ರ ಹೊತ್ತಿಗೆ, ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ. ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೂ 1851ರಲ್ಲಿ ಗುಳೇದಗುಡ್ಡಕ್ಕೂ ಬಂದರು. ಹತ್ತೊಂಬತ್ತನೇ ಶತಮಾನ ಮುಗಿಯುವುದರೊಳಗೆ ವಿಜಯಪುರವನ್ನೂ ತಲುಪಿದ್ದರು. ನಿಘಂಟಿನಿಂದ ಹೆಸರಾದ ಫರ್ಡಿನಾಂಡ್ ಕಿಟ್ಟೆಲ್, ಆ ನಿಘಂಟು ಹೊರಬರುವುದಕ್ಕೂ ಮೂರು ದಶಕ ಮೊದಲೇ, 1862ರಲ್ಲಿ, ಯೇಸುವಿನ ಬದುಕನ್ನು ಇಲ್ಲಿಯ ಹಾಡಿನ ಮಟ್ಟುಗಳಲ್ಲಿ ‘ಕಥಾಮಾಲೆ’ಯಾಗಿ ಹೆಣೆದಿದ್ದರು. ಪರದೇಶದ ಕಥೆ ಇಲ್ಲಿ ಬೇರೂರಬೇಕಾದರೆ ಇಲ್ಲಿಯ ಉಸಿರಿನಲ್ಲಿ ಹೇಳಬೇಕು ಎಂಬುದು ಅವರಿಗೆ ಗೊತ್ತಿತ್ತು. ಒಳ್ಳೆಯ ಅಕ್ಕೋರು (ಶಿಕ್ಷಕಿಗೆ ಇಲ್ಲಿ ಹಾಗೆನ್ನುತ್ತಾರೆ) ಇಂದಿಗೂ ಮಾಡುವುದು ಇದನ್ನೇ.

ಕಸುಬಿನ ಮೊದಲ ಹೆಜ್ಜೆ ಕಥೆಯ ಆಯ್ಕೆ. ದುಡಿಮೆಯ ಕಥೆಗಳು ಬೈಬಲ್ಲಿನಲ್ಲಿ ಹಲವಿವೆ, ಆದರೆ ಎಲ್ಲವೂ ಎಲ್ಲ ವಯಸ್ಸಿಗೆ ಒಗ್ಗುವುದಿಲ್ಲ. ಐದಾರು ವರ್ಷದವರಿಗೆ ಜ್ಞಾನೋಕ್ತಿಗಳ ಆರನೆಯ ಅಧ್ಯಾಯದ ಇರುವೆ ಸಾಕು. ಅಂಗಳಕ್ಕೆ ಕರೆದೊಯ್ದು ಸಾಲು ತೋರಿಸಿದರೆ ಅರ್ಧ ಪಾಠ ಮುಗಿಯಿತು. ಹನ್ನೆರಡು ದಾಟಿದವರಿಗೆ ನೆಹೆಮೀಯ ಬೇಕು. ಜೆರೂಸಲೇಮಿನ ಬಿದ್ದ ಗೋಡೆಯನ್ನು 52 ದಿನಗಳಲ್ಲಿ ಎತ್ತಿ ನಿಲ್ಲಿಸಿದ ಕಥೆ ಅದು. ಅನೇಕರು ತಮ್ಮ ಮನೆಯ ಎದುರಿನ ಭಾಗವನ್ನೇ ಕಟ್ಟಿದರು ಎಂಬ ವಿವರ ಆ ವಯಸ್ಸಿನವರಿಗೆ ಥಟ್ಟನೆ ನಾಟುತ್ತದೆ. ಮತ್ತಾಯನ ಸುವಾರ್ತೆಯಲ್ಲಿ ಬರುವ ತಲಾಂತುಗಳ ಸಾಮ್ಯವನ್ನು ಸ್ವಲ್ಪ ಎಚ್ಚರದಿಂದ ಹೇಳಬೇಕು. ಐದನ್ನು ಹತ್ತು ಮಾಡಿದವನಿಗೂ ಎರಡನ್ನು ನಾಲ್ಕು ಮಾಡಿದವನಿಗೂ ಧಣಿ ಆಡುವುದು ಒಂದೇ ಮೆಚ್ಚುಮಾತು. ಆ ಅಂಶವನ್ನು ಬಿಟ್ಟರೆ ಕಥೆ ಬರೀ ಲಾಭದ ಲೆಕ್ಕವಾಗಿಬಿಡುತ್ತದೆ. ಇವೆರಡು ವಯಸ್ಸಿನ ನಡುವಿನವರಿಗೆ, ಏಳರಿಂದ ಹನ್ನೊಂದರವರಿಗೆ, ರೂತ್.

ಎರಡನೆಯ ಹೆಜ್ಜೆ, ಎಲ್ಲಿ ಓಡಬೇಕು, ಎಲ್ಲಿ ನಿಲ್ಲಬೇಕು ಎಂಬ ತೀರ್ಮಾನ. ಪುಸ್ತಕದ ಕೊನೆಯ ವಂಶಾವಳಿಯಾಗಲಿ, ಮೂರನೆಯ ಅಧ್ಯಾಯದಲ್ಲಿ ಕಣದ ರಾತ್ರಿ ನಡೆಯುವ ಮಾತುಕತೆಯಾಗಲಿ ಚಿಕ್ಕವರಿಗೆ ಬೇಡ. ಮೊದಲ ಅಧ್ಯಾಯವನ್ನು ನಾಲ್ಕು ಮಾತಿನಲ್ಲಿ ಮುಗಿಸಬಹುದು: ಬೇತ್ಲೆಹೇಮಿಗೆ ಬರ ಬಿತ್ತು, ಒಂದು ಮನೆಯವರು ಮೋವಾಬ್ ದೇಶಕ್ಕೆ ಗುಳೆ ಹೋದರು. ಅಲ್ಲಿ ಗಂಡನೂ ಇಬ್ಬರು ಮಕ್ಕಳೂ ತೀರಿಕೊಂಡರು. ಅತ್ತೆ ನೊವೊಮಿ ಬರಿಗೈಯಲ್ಲಿ ಊರಿಗೆ ಹೊರಟಳು, ಮೋವಾಬಿನವಳಾದ ಸೊಸೆ ರೂತ್ ಅವಳ ಕೈ ಬಿಡದೆ ಜೊತೆಗೆ ಬಂದಳು. ಬರ ಮತ್ತು ಗುಳೆಯನ್ನು ವಿಜಯಪುರ ಜಿಲ್ಲೆಯ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ಅತ್ತೆ-ಸೊಸೆ ಎಂದ ಕೂಡಲೇ ಅವರು ಜಗಳ ಬರುತ್ತದೆಂದು ಕಾಯುತ್ತಾರೆ. ಜಗಳ ಬರುವುದೇ ಇಲ್ಲ, ಕಥೆಯ ಮೇಲಿನ ಕುತೂಹಲ ಅಲ್ಲಿಂದಲೇ ಶುರು.

ಎರಡನೆಯ ಅಧ್ಯಾಯಕ್ಕೆ ಬಂದಾಗ ಅಕ್ಕೋರ ನಡಿಗೆ ನಿಧಾನವಾಗುತ್ತದೆ. ಊರಿಗೆ ಬಂದ ಮರುದಿನದ ಹಸಿವಿನಿಂದ ಆರಂಭ. “ಅತ್ತಿ, ನಾ ಹೊಲಕ್ಕ ಹೋಗಿ ಹಕ್ಕಲ ಆರಿಸ್ಕೊಂಡು ಬರ್ಲೇನು?” “ಹೋಗ್ ಬಾ, ನನ್ನ ಮಗಳ.” ಬೈಬಲ್ಲಿನಲ್ಲಿಯೂ ಅತ್ತೆ ಸೊಸೆಯನ್ನು ಮಗಳೆಂದೇ ಕರೆಯುತ್ತಾಳೆ, ಈ ಸೀಮೆಯ ಮಾತಿನಲ್ಲಿ ಹೇಳಿದಾಗ ಅದು ನಮ್ಮ ಓಣಿಯಲ್ಲೇ ಕೇಳಿಸಿದ ಹಾಗಿರುತ್ತದೆ. ಯಾರೂ ಅವಳನ್ನು ಕೆಲಸಕ್ಕೆ ಅಟ್ಟಲಿಲ್ಲ, ಅವಳೇ ಕೇಳಿಕೊಂಡು ಹೋದಳು. ಇದನ್ನು ಎತ್ತಿ ಆಡುವ ಅಗತ್ಯವಿಲ್ಲ. ಪ್ರಶ್ನೆಯನ್ನು ರೂತಳ ಬಾಯಲ್ಲಿಟ್ಟರೆ ಮಕ್ಕಳೇ ಹಿಡಿದುಕೊಳ್ಳುತ್ತಾರೆ.

ಹೊಲಕ್ಕೆ ಇಳಿದ ಮೇಲೆ ಮೈಗೆ ಕೆಲಸ. ಅಕ್ಕೋರು ಒಂದು ಪಲ್ಲವಿ ಕಟ್ಟುತ್ತಾರೆ: ಬಾಗು, ಆರಿಸು, ಉಡ್ಯಾಗ ಹಾಕು. ಮಕ್ಕಳೆಲ್ಲ ಎದ್ದು ನಿಂತು ಬಾಗುತ್ತಾರೆ, ಆರಿಸುತ್ತಾರೆ, ಇಲ್ಲದ ಸೆರಗಿನ ಉಡಿಗೆ ಹಾಕಿಕೊಳ್ಳುತ್ತಾರೆ. ಹತ್ತು ಸಲ ಮಾಡುವಾಗ ನಗು, ಇಪ್ಪತ್ತಕ್ಕೆ ಉಸಿರು, ಮೂವತ್ತಕ್ಕೆ ಒಬ್ಬರಾದರೂ ಸೊಂಟ ಹಿಡಿದುಕೊಂಡು “ಸಾಕ್ರೀ” ಎನ್ನುತ್ತಾರೆ. ಅಲ್ಲಿ ಕಥೆ ಮುಂದುವರಿಯಬೇಕು: ರೂತ್ ಸಾಕು ಅನ್ನಲಿಲ್ಲ, ಇನ್ನೂ ಬಿಸಿಲು ಏರಿರಲಿಲ್ಲ. ಕೆಲಸದ ಭಾರ ಎಷ್ಟೆಂದು ಒಮ್ಮೆ ಸೊಂಟಕ್ಕೆ ಗೊತ್ತಾದರೆ ಮುಂದಿನ ಮಾತಿಗೆ ತೂಕ ತಾನಾಗಿ ಬರುತ್ತದೆ.

ಆಮೇಲೆ ಹೊಲದ ಯಜಮಾನ ಬೋವಜ ಬಂದು, ಯಾರ ಮನೆಯ ಹೆಣ್ಣುಮಗಳು ಇವಳು ಎಂದು ಕೇಳುತ್ತಾನೆ. ಉತ್ತರಿಸುವವನು ಆಳುಗಳ ಮೇಲಿನವನು. “ಮುಂಜಾನಿಂದ ನಿಂತ ಕಾಲಮ್ಯಾಲ ಅದಾಳ್ರೀ ಧಣ್ಯಾರ. ಚೂರು ಹೊತ್ತು ಅಷ್ಟ ನೆಳ್ಳಾಗ ಕುಂತಿದ್ಲು.” ಕಥೆಯ ಕುಸುರಿಯಲ್ಲಿ ನನಗೆ ಬಹಳ ಮೆಚ್ಚುಗೆಯಾಗುವ ಜಾಗ ಇದು. ರೂತ್ ತನ್ನ ದುಡಿಮೆಯ ಬಗ್ಗೆ ತಾನು ಒಂದು ಮಾತೂ ಆಡುವುದಿಲ್ಲ, ನೋಡಿದವನೊಬ್ಬ ಹೇಳುತ್ತಾನೆ. ಅವನು ನೆರಳಿನಲ್ಲಿ ಕೂತದ್ದನ್ನೂ ಮುಚ್ಚಿಡುವುದಿಲ್ಲ. ಆ ಚೂರು ಹೊತ್ತಿನ ನೆರಳನ್ನು ಕಥೆಯಿಂದ ತೆಗೆದುಹಾಕುವ ಶಿಕ್ಷಕರಿದ್ದಾರೆ, ಶ್ರಮಕ್ಕೆ ಅದರಿಂದ ಹೊಳಪು ಬರುತ್ತದೆ ಎಂದುಕೊಂಡು. ತೆಗೆಯಬಾರದು. ದಣಿದವರು ಕೂರಬಹುದು, ಕೂತು ಮತ್ತೆ ಏಳಬೇಕು ಎಂಬ ಎರಡೂ ಪಾಠ ಅದರಲ್ಲಿದೆ.

ಮಧ್ಯಾಹ್ನದ ಊಟದ ಹೊತ್ತಿಗೆ ಬೋವಜ ಅವಳನ್ನು ಕರೆದು ರೊಟ್ಟಿಯ ಜೊತೆ ಹುರಿಗಾಳು ಕೊಡುತ್ತಾನೆ. ಇಲ್ಲಿ ವಿಜಯಪುರದ ಶಿಕ್ಷಕಿಯ ಕೈಯಲ್ಲಿ ಬೇರೆ ಊರಿನವರಿಗಿಲ್ಲದ ಸಾಧನವೊಂದಿದೆ: ಸೀತನಿ. ಹಾಲುಗಾಳಿನ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಯಿರುವಾಗಲೇ ಕೈಯಲ್ಲಿ ತಿಕ್ಕಿ ಉದುರಿಸಿದ ಕಾಳನ್ನು ಶೇಂಗಾ ಚಟ್ನಿಯೋ ಬೆಲ್ಲವೋ ಹಚ್ಚಿಕೊಂಡು ತಿನ್ನದ ಮಗು ಇಲ್ಲಿಲ್ಲ. ಸೀತನಿಯ ದಿನಗಳಲ್ಲಿ ಈ ಪಾಠ ಇಟ್ಟುಕೊಂಡರೆ ಮಕ್ಕಳ ಅಂಗೈಗೆ ನಾಲ್ಕು ಕಾಳು ಹಾಕಿ ಕಥೆ ಮುಂದುವರಿಸಬಹುದು. ರೂತ್ ಹೊಟ್ಟೆತುಂಬ ತಿಂದು, ಮಿಕ್ಕಿದ್ದನ್ನು ಅತ್ತೆಗೆಂದು ಕಟ್ಟಿಕೊಂಡಳು. ಇದನ್ನು ಕೇಳಿದ ಮೇಲೆ ತಮ್ಮ ಪಾಲಿನ ಕಾಳಿನಲ್ಲಿ ಒಂದೆರಡನ್ನು ಮುಷ್ಟಿಯಲ್ಲೇ ಉಳಿಸಿಕೊಳ್ಳುವ ಮಕ್ಕಳೂ ಇರುತ್ತಾರೆ.

ಸಂಜೆ ಅವಳು ಆರಿಸಿದ್ದನ್ನು ಬಡಿದಾಗ ಸುಮಾರು ಒಂದು ಏಫಾ ಜವೆಗೋದಿಯಾಯಿತು ಎಂದು ಪುಸ್ತಕ ಲೆಕ್ಕ ಕೊಡುತ್ತದೆ. ಏಫಾ ಎಂದರೆ ಇಂದಿನ ಲೆಕ್ಕದಲ್ಲಿ ಸುಮಾರು 22 ಲೀಟರ್. ಮನೆಗೆ ಬರುವ 20 ಲೀಟರಿನ ನೀರಿನ ಕ್ಯಾನನ್ನು ತಂದು ಮುಂದಿಟ್ಟರೆ ಅಳತೆ ಕಣ್ಣಿಗೆ ಬೀಳುತ್ತದೆ. ತೂಕದಲ್ಲಿ ಅದು 13 ಕೆ.ಜಿ. ಆಸುಪಾಸು, ಕಾಳಿನ ಎಣಿಕೆಯಲ್ಲಿ ಸುಮಾರು ಮೂರು ಲಕ್ಷ. ಅಕ್ಕೋರು ಮೊರದಲ್ಲಿ ಉಸುಕಿಗೆ ಒಂದು ಹಿಡಿ ಜೋಳ ಬೆರೆಸಿ ತಂದಿರುತ್ತಾರೆ. ಇಬ್ಬಿಬ್ಬರು ಕೂತು ಕಾಳು ಬೇರೆ ಮಾಡಬೇಕು. ಒಂದು ಹಿಡಿಗೇ ಕಣ್ಣು ದಣಿದಾಗ, ಕ್ಯಾನಿನ ಕಡೆ ತಿರುಗಿ ನೋಡುವ ಮಗುವಿಗೆ ‘ಶ್ರದ್ಧೆ’ ಎಂಬುದಕ್ಕೆ ಬೇರೆ ಅರ್ಥ ಹೇಳಬೇಕಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಪಾಠ ಚೆನ್ನಾಗಿಯೇ ಇರುತ್ತದೆ, ಆದರೆ ಪ್ರಾಮಾಣಿಕವಾಗಿರುವುದಿಲ್ಲ. ಒಂದೇ ದಿನಕ್ಕೆ ಅಷ್ಟು ಕಾಳು ಹೇಗೆ ಸಿಕ್ಕಿತು? ಬೋವಜ ಆಳುಗಳಿಗೆ ಗುಟ್ಟಾಗಿ ಹೇಳಿದ್ದ: ಸಿವುಡಿನಿಂದ ಬೇಕಂತಲೇ ಒಂದಿಷ್ಟು ಎಳೆದು ಅವಳ ಮುಂದೆ ಬೀಳಿಸಿರಿ, ಗದರಬೇಡಿರಿ. ಅವಳನ್ನು ಯಾರೂ ಮುಟ್ಟಕೂಡದೆಂದೂ ಆಜ್ಞೆ ಮಾಡಿದ್ದ. ನೀರಡಿಸಿದರೆ ಆಳುಗಳು ಸೇದಿಟ್ಟ ಕೊಡದಿಂದ ಕುಡಿ ಎಂದು ಅವಳಿಗೂ ಹೇಳಿದ್ದ. ಅವನ ಹಿಂದೆ ಒಂದು ಕಾನೂನೂ ಇತ್ತು. ಹೊಲದ ಅಂಚಿನವರೆಗೆ ಕೊಯ್ಯಬಾರದು, ಹಕ್ಕಲನ್ನು ಬಡವರಿಗೂ ಪರದೇಶಿಗೂ ಬಿಡಬೇಕು ಎಂದು ಯಾಜಕಕಾಂಡ ವಿಧಿಸುತ್ತದೆ. ಮರೆತುಬಂದ ಸಿವುಡನ್ನು ತರಲು ಹಿಂತಿರುಗಬಾರದು, ಅದು ಪರದೇಶಿ, ಅನಾಥ, ವಿಧವೆಯರ ಪಾಲು ಎಂದು ಧರ್ಮೋಪದೇಶಕಾಂಡ ಸೇರಿಸುತ್ತದೆ. ರೂತ್ ಪರದೇಶಿಯೂ ಹೌದು, ವಿಧವೆಯೂ ಹೌದು. ಅವಳ ಬೆನ್ನು ಬಾಗಿದ್ದು ನಿಜ, ಆ ಬೆನ್ನಿಗೆ ಫಲ ಸಿಗುವಂತೆ ಹೊಲ ತೆರೆದಿಟ್ಟದ್ದೂ ಅಷ್ಟೇ ನಿಜ.

ಈ ಭಾಗವನ್ನು ಬಿಡಬಾರದೆನ್ನಲು ಈ ಜಿಲ್ಲೆಯಲ್ಲಿ ಗಟ್ಟಿ ಕಾರಣವಿದೆ. ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಮಹಾರಾಷ್ಟ್ರಕ್ಕೂ ಗೋವಾಕ್ಕೂ ಹೋಗುವ ತಂದೆ-ತಾಯಿಯ ಮಕ್ಕಳು ಇಲ್ಲಿ ಊರೂರಲ್ಲಿ ಇದ್ದಾರೆ. ದುಡಿದವರಿಗೆಲ್ಲ ಸಿರಿ ಬರುತ್ತದೆ, ಬಡವರೆಲ್ಲ ಸೋಮಾರಿಗಳು ಎಂಬ ಧಾಟಿಯಲ್ಲಿ ಪಾಠ ಹೇಳಿದರೆ, ನಸುಕಿನಲ್ಲೆದ್ದು ಕತ್ತಲಾದ ಮೇಲೆ ಬರುವ ತನ್ನ ಅವ್ವನನ್ನು ನೆನೆದ ಮಗು ಒಳಗೊಳಗೇ ಅದನ್ನು ತಿರಸ್ಕರಿಸುತ್ತದೆ. ತಿರಸ್ಕರಿಸುವುದೇ ಸರಿ. ಬೋವಜನನ್ನು ಸೇರಿಸಿ ಹೇಳಿದ ಕಥೆಯನ್ನು ಅದೇ ಮಗು ನಂಬುತ್ತದೆ.

ಕಲಿಕೆಗೂ ಇದೇ ನಿಯಮ ಎಂಬುದಕ್ಕೆ ಸಾಲೋಟಗಿಯಲ್ಲೇ ಕಲ್ಲಿನ ಸಾಕ್ಷಿಯಿದೆ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಇಲ್ಲಿ ಶಾಲೆಯೊಂದನ್ನು ಕಟ್ಟಿಸಿದ ಸಂಗತಿಯನ್ನು ಕ್ರಿ.ಶ. 945ರ ಸ್ತಂಭಶಾಸನ ಹೇಳುತ್ತದೆ. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ವಸತಿಗಳಿದ್ದವು. ಉಪಾಧ್ಯಾಯರಿಗೆ 50 ನಿವರ್ತನ, ದೀಪಗಳ ಖರ್ಚಿಗೆಂದೇ 12 ನಿವರ್ತನ ಭೂಮಿ ಬಿಟ್ಟಿದ್ದರು. ಊರಿನವರು ಮದುವೆ, ಮುಂಜಿ, ಚೌಲಗಳಲ್ಲಿ ಶಾಲೆಗೆ ಇಂತಿಷ್ಟು ಕೊಡಬೇಕೆಂಬ ಕಟ್ಟಳೆಯೂ ಇತ್ತು. ರಾತ್ರಿ ನಿದ್ದೆಗೆಟ್ಟು ಓದಿದವನ ಶ್ರದ್ಧೆ ಅವನದೇ. ದೀಪಕ್ಕೆ ಎಣ್ಣೆ ಮಾತ್ರ ಊರಿನದು. ಆ ಶಾಲೆಯಲ್ಲಿ ಕಲಿಯುವ ಅವಕಾಶ ಎಲ್ಲರಿಗೂ ಇರಲಿಲ್ಲ ಎಂಬುದನ್ನೂ ದೊಡ್ಡ ಮಕ್ಕಳಿಗೆ ಹೇಳಬೇಕು. ಹೊಲದ ಅಂಚನ್ನು ಯಾರಿಗಾಗಿ ಬಿಡಬೇಕು ಎಂಬ ಪ್ರಶ್ನೆ ಆಗ ಅವರದೇ ಆಗುತ್ತದೆ.

ಬಸವನ ಬಾಗೇವಾಡಿಯ ನೆಲದಲ್ಲಿ ರೂತಳಿಗೆ ಜೊತೆಗಾತಿಯೊಬ್ಬಳೂ ಸಿಗುತ್ತಾಳೆ. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ದಾಸೋಹ ನಡೆಸುತ್ತಿದ್ದವರು ಮಾರಯ್ಯ, ಲಕ್ಕಮ್ಮ ದಂಪತಿ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ನಮಗೆ ಬೇಕಾದ್ದಕ್ಕಿಂತ ಹೆಚ್ಚಿನದು ನಮ್ಮದಲ್ಲ, ಎಲ್ಲಿಂದ ತಂದಿರೋ ಅಲ್ಲೇ ಹಾಕಿ ಬನ್ನಿ ಎಂಬರ್ಥದಲ್ಲಿ ಲಕ್ಕಮ್ಮ ಹಿಂದಕ್ಕೆ ಕಳಿಸಿದಳೆಂಬ ಕಥೆ ಮಕ್ಕಳಿಗೆ ಗೊತ್ತಿರುತ್ತದೆ. ಸಂಡೆ ಸ್ಕೂಲಿನ ಒಳಗೂ ಹೊರಗೂ ಇವೆರಡನ್ನು ಅಕ್ಕಪಕ್ಕ ಇಟ್ಟು ಕೇಳಬಹುದು: ರೂತ್ ಹೆಚ್ಚಾದದ್ದನ್ನು ಅತ್ತೆಗೆ ಒಯ್ದಳು, ಲಕ್ಕಮ್ಮ ಹೆಚ್ಚಾದದ್ದನ್ನು ಹಿಂತಿರುಗಿಸಿದಳು. ಯಾರು ಮಾಡಿದ್ದು ಸರಿ? ಇದಕ್ಕೆ ಒಂದೇ ಉತ್ತರವಿಲ್ಲ. ಮಕ್ಕಳು ವಾದ ಮಾಡಲಿ. ಕಾಯಕ ಮತ್ತು ದಾಸೋಹ ಯಾಕೆ ಬಿಟ್ಟಿರಲಾರವು ಎಂಬುದು ಆ ವಾದದಲ್ಲೇ ಹೊರಬೀಳುತ್ತದೆ.

ಕಥೆ ಮುಗಿದ ಮೇಲಿನ ಕೆಲಸವೂ ಕಸುಬಿನ ಭಾಗ. ‘ಇದರ ನೀತಿ ಏನು?’ ಎಂದು ಕೇಳಿದರೆ ಮಕ್ಕಳು ಅಕ್ಕೋರಿಗೆ ಬೇಕಾದ ಉತ್ತರವನ್ನೇ ಒಪ್ಪಿಸುತ್ತಾರೆ. ಅದರ ಬದಲು ವಾರಕ್ಕೊಂದು ಸಣ್ಣ ದಗದ ವಹಿಸಬೇಕು, ಪೂರ್ತಿ ಮುಗಿಸಲು ಆಗುವಂಥದ್ದು: ಅಜ್ಜಿಗೆ ಕಾಳು ಹಸನು ಮಾಡಿಕೊಡುವುದು, ಗಿಡಕ್ಕೆ ದಿನಾ ಒಂದು ತಂಬಿಗೆ ನೀರು, ತಂಗಿಗೆ ಒಂದು ಪುಟ ಓದಿ ಹೇಳುವುದು. ಮುಂದಿನ ಭಾನುವಾರ ಮಗು ತನ್ನ ಕೆಲಸವನ್ನು ತಾನು ವರ್ಣಿಸುವಂತಿಲ್ಲ. ನೋಡಿದವರೊಬ್ಬರು ಹೇಳಬೇಕು, ಬೋವಜನ ಆಳು ಹೇಳಿದ ಹಾಗೆ. ಅಣ್ಣನೋ ಅವ್ವನೋ ಗೆಳತಿಯೋ ಬಂದು “ಹೌದ್ರೀ, ಮಾಡ್ಯಾಳ” ಎಂದರೆ ಅಷ್ಟೇ ಬಹುಮಾನ. ಚುಕ್ಕೆ, ಚಾಕಲೇಟು ಬೇಡ.

ಪಾಠ ತಲುಪಿತೇ ಎಂಬುದು ಬಾಯಿಪಾಠದ ವಾಕ್ಯದಲ್ಲಿ ಗೊತ್ತಾಗುವುದಿಲ್ಲ. ಅನುಭವಿ ಅಕ್ಕೋರು ನೋಡುವುದು ಎರಡನ್ನು. ಯಾರೂ ಕಾಯದಿದ್ದಾಗಲೂ ಮಗು ತನ್ನ ಪಾಲಿನ ಮೊರವನ್ನು ಮುಗಿಸುತ್ತದೆಯೇ? ಮುಗಿಸಿದ ಮೇಲೆ ಹಿಂದುಳಿದವರ ಮೊರಕ್ಕೆ ಕೈ ಹಾಕುತ್ತದೆಯೇ? ಮೊದಲನೆಯದನ್ನು ಕಲಿಸುವ ಕಥೆಗಳಿಗೆ ಯಾವ ನಾಡಿನಲ್ಲೂ ಕೊರತೆಯಿಲ್ಲ, ಅದಕ್ಕೆ ಇರುವೆಯೇ ಸಾಕು. ಎರಡನೆಯದನ್ನು ಕಲಿಸಲು ಹೊಲ ಬೇಕು, ಹೊಲದಲ್ಲಿ ರೂತಳ ಜೊತೆ ಬೋವಜನೂ ಬೇಕು. ಮಕ್ಕಳಲ್ಲಿ ಕೆಲವರು ನಾಳೆ ಹಕ್ಕಲು ಆಯುವವರು, ಕೆಲವರು ಹೊಲದ ಧಣಿಗಳು. ಯಾರು ಯಾವುದಾಗುತ್ತಾರೆಂದು ಅಕ್ಕೋರಿಗೂ ತಿಳಿಯದು. ಅದಕ್ಕೇ ಎರಡೂ ಪಾತ್ರವನ್ನು ಎಲ್ಲರಿಂದಲೂ ಆಡಿಸುತ್ತಾರೆ.